ಮೂರು ವಾರ ನನ್ನ ಜೀವಕೋಶಗಳು ಬೇರೆ ಕಡೆ ಬೆಳೆದವು

ಇದನ್ನು ಬರೆಯಬೇಕಾ ಬೇಡವಾ ಅಂತ ತುಂಬಾ ದಿನ ಯೋಚಿಸಿದೆ. ಮೂತ್ರದ ತೊಂದರೆಯನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, ಗಂಡಸರಂತೂ ಹೆಂಡತಿಯ ಹತ್ತಿರವೂ ಹೇಳುವುದಿಲ್ಲ. ನಾನೂ 12 ವರ್ಷ ಹೇಳಲಿಲ್ಲ. ಆದರೆ "ನಿಮ್ಮದೇ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಮೂತ್ರನಾಳಕ್ಕೆ ಹಾಕುವ ಒಂದು ಅಧ್ಯಯನ ಇದೆ, ಸೇರುತ್ತೀರಾ" ಅಂತ ಡಾಕ್ಟರು ಕೇಳಿದ ದಿನ, ಇದನ್ನು ಮಾಡಿಸಿಕೊಂಡವರು ಬರೆದ ಒಂದು ಪುಟವಾದರೂ ಕನ್ನಡದಲ್ಲಿ ಸಿಗಬಹುದಾ ಅಂತ ರಾತ್ರಿಯೆಲ್ಲಾ ಹುಡುಕಿದ್ದೆ. ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ನನಗೆ 17 ವರ್ಷ ಆಗಿದ್ದಾಗ. ಸೈಕಲ್ ಜಾರಿ, ಅದರ ಕಂಬಿಯ ಮೇಲೆ ಕಾಲು ಅಗಲಿಸಿ ಬಿದ್ದೆ. ಎರಡು ದಿನ ಮೂತ್ರದಲ್ಲಿ ರಕ್ತ ಬಂತು, ಆಮೇಲೆ ನಿಂತಿತು. ನಾಚಿಕೆಗೆ ಮನೆಯಲ್ಲಿ ಹೇಳಲಿಲ್ಲ. ಇಂಥ ಗಾಯ ಹೊರಗೆ ಕಾಣುವುದಿಲ್ಲ. ಒಳಗೊಳಗೇ ನಿಧಾನವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ, ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. 29 ವರ್ಷ ಆಗುವಷ್ಟರಲ್ಲಿ ಧಾರೆ ದಾರದಷ್ಟು ಸಣ್ಣಗಾಗಿತ್ತು. ತಿಣುಕಬೇಕಿತ್ತು. ಮುಗಿಯಿತು ಅಂತ ಹೊರಗೆ ಬಂದರೆ ಮತ್ತೆ ಹನಿ. ಕೊನೆಗೆ ಹೆಂಡತಿಯೇ ಕೇಳಿದಳು, "ರೀ, ಒಳಗೆ ಹೋಗಿ ಐದು ನಿಮಿಷ ಆಯ್ತು. ದಿನಾ ಹೀಗೇ ಆಗ್ತಿದೆ. ಏನಾಗಿದೆ ಹೇಳಿ." ಅವಳು ಕೇಳದೇ ಇದ್ದಿದ್ದರೆ ಕಿಡ್ನಿಗೆ ತೊಂದರೆ ಆಗುವ ತನಕ ಸುಮ್ನೆ ಇರುತ್ತಿದ್ದೆ ಅಂತ ಈಗಲೂ ಅನ್ನಿಸುತ್ತದೆ.

ಮೊದಲ ಪರೀಕ್ಷೆ ಯುರೋಫ್ಲೋ. ಒಂದು ಯಂತ್ರದ ಮೇಲಿಟ್ಟ ಪಾತ್ರೆಗೆ ಮೂತ್ರ ಮಾಡಬೇಕು, ಅದು ವೇಗವನ್ನು ಅಳೆದು ಗೆರೆ ಬರೆಯುತ್ತದೆ. ಸರಿಯಾಗಿದ್ದರೆ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ, ವೇಗ ಸೆಕೆಂಡಿಗೆ 15 ಮಿಲಿಲೀಟರಿಗಿಂತ ಜಾಸ್ತಿ ಇರುತ್ತದೆ. ನನ್ನದು 5. ಗೆರೆ ಸ್ವಲ್ಪ ಏರಿ ಹಾಗೇ ಚಪ್ಪಟೆಯಾಗಿ ಉದ್ದಕ್ಕೆ ಹೋಗಿತ್ತು. ಮುಂದಿನಿಂದ ಬಣ್ಣದ ದ್ರವ ತಳ್ಳಿ ಎಕ್ಸ್‌ರೇ ತೆಗೆದಾಗ ಜಾಗ ಸಿಕ್ಕಿತು. ಡಾಕ್ಟರು ಇದಕ್ಕೆ ಸ್ಟ್ರಿಕ್ಚರ್ ಅಂದರು. ಅಂದರೆ ಕೊಳವೆ ಒಂದು ಕಡೆ ಕಿರಿದಾಗಿ ಹೋಗಿದೆ ಅಂತ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಮೂತ್ರನಾಳ ಅಂದರೆ ಮೂತ್ರಕೋಶದಿಂದ ಹೊರಗೆ ಬರುವ ಕೊಳವೆ, ಗಂಡಸರಲ್ಲಿ ಸುಮಾರು 18ರಿಂದ 20 ಸೆಂಟಿಮೀಟರ್ ಉದ್ದ. ಒಳಗಡೆ ತೆಳುವಾದ ಒಂದು ಪದರ ಇರುತ್ತದೆ. ಮುಂದಿನ ಭಾಗದಲ್ಲಿ ಆ ಪದರದ ಸುತ್ತ ರಕ್ತ ತುಂಬಿದ ಸ್ಪಂಜಿನಂಥ ಅಂಗಾಂಶ ಇದೆ. ಒಳಪದರಕ್ಕೆ ಅನ್ನ ನೀರು ಎಲ್ಲ ಅಲ್ಲಿಂದಲೇ. ಪೆಟ್ಟು ಬಿದ್ದಾಗ ಪದರ ಹರಿದು ಮೂತ್ರ ಸ್ಪಂಜಿಗೆ ಸೋರುತ್ತದೆ, ಸ್ಪಂಜು ಒಣಗಿದ ಹಗ್ಗದ ಹಾಗೆ ಬಿಗಿಯುತ್ತದೆ. ನಾನು ಇಷ್ಟು ವರ್ಷ ತೂತು ಚಿಕ್ಕದಾಗಿದೆ ಅಂತ ಮಾತ್ರ ಅಂದುಕೊಂಡಿದ್ದೆ. ಕೊಳವೆಯ ಸುತ್ತಲಿನ ನೆಲವೇ ಕೆಟ್ಟಿತ್ತು.

ಮೊದಲು ಕ್ಯಾಮೆರಾ ಹಾಕಿ ಒಳಗಿಂದಲೇ ಕತ್ತರಿಸಿದರು. ಏಳು ತಿಂಗಳು ಚೆನ್ನಾಗಿತ್ತು. ಎರಡನೇ ಸಲ ಕತ್ತರಿಸಿದರು, ನಾಲ್ಕೇ ತಿಂಗಳು. ಪ್ರತಿ ಸಲ ಕತ್ತರಿಸಿದಾಗಲೂ ಹೊಸ ಗಾಯ, ಹೊಸ ಗಾಯ ಅಂದರೆ ಹೊಸ ಗಂಟು, ಅಲ್ವಾ? ಸಣ್ಣ ಆಪರೇಷನ್ನು, ಒಂದೇ ದಿನಕ್ಕೆ ಮನೆಗೆ ಹೋಗಬಹುದು ಅನ್ನುವ ಆಸೆಗೆ ಇದನ್ನೇ ಮೂರು ನಾಲ್ಕು ಸಲ ಮಾಡಿಸಿಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೇ ಸಲ ಮುಚ್ಚಿಕೊಂಡರೆ ಮೂತ್ರನಾಳ ಸರಿಮಾಡುವುದರಲ್ಲೇ ಪಳಗಿದ ಡಾಕ್ಟರನ್ನು ಹುಡುಕಿ.

31ನೇ ವಯಸ್ಸಿಗೆ ದೊಡ್ಡ ಆಪರೇಷನ್ ಆಯಿತು. ಕೆನ್ನೆಯ ಒಳಗಿನ ಚರ್ಮ ತೆಗೆದು ಮೂತ್ರನಾಳಕ್ಕೆ ತೇಪೆ ಹಾಕುವುದು. ಕೇಳಿದಾಗ ವಿಚಿತ್ರ ಅನ್ನಿಸಿತು, ಆದರೆ ಕಾರಣ ಸರಳ. ಕೆನ್ನೆಯ ಒಳಭಾಗದಲ್ಲಿ ಕೂದಲಿಲ್ಲ, ಸದಾ ಒದ್ದೆಯಲ್ಲೇ ಇದ್ದು ಅಭ್ಯಾಸ, ಮೇಲ್ಪದರ ದಪ್ಪ, ಅಡಿಯಲ್ಲಿ ರಕ್ತನಾಳಗಳ ಜಾಲ ಒತ್ತಾಗಿದೆ. 1941ರಲ್ಲೇ ಹಂಬಿ ಅನ್ನುವ ಸರ್ಜನ್ ಬಾಯಿಯ ಒಳಚರ್ಮವನ್ನು ಮೂತ್ರನಾಳಕ್ಕೆ ಬಳಸಿದ್ದನ್ನು ಬರೆದಿದ್ದರು. ಇವತ್ತಿಗೂ ಉದ್ದದ ಸ್ಟ್ರಿಕ್ಚರಿಗೆ ಹೆಚ್ಚಿನ ಸರ್ಜನ್‌ಗಳ ಮೊದಲ ಆಯ್ಕೆ ಇದೇ. ನನ್ನ ಸ್ಟ್ರಿಕ್ಚರ್ 7 ಸೆಂಟಿಮೀಟರ್ ಇದ್ದಿದ್ದರಿಂದ ಎರಡೂ ಕೆನ್ನೆಯಿಂದ ತೆಗೆಯಬೇಕಾಯಿತು. ನಾಲ್ಕು ವರ್ಷ ನೆಮ್ಮದಿಯಾಗಿದ್ದೆ. ಇದು ಹೆಚ್ಚಿನವರಿಗೆ ಉಳಿಯುವ ಆಪರೇಷನ್ನು. ನನಗೆ ಉಳಿಯಲಿಲ್ಲ. 35ಕ್ಕೆ ಧಾರೆ ಮತ್ತೆ ಸಣ್ಣಗಾಯಿತು, ಯುರೋಫ್ಲೋದಲ್ಲಿ 6.

ಈ ಸಲ ಬಾಯಿಯಲ್ಲಿ ತೆಗೆಯಲು ಜಾಗ ಕಡಿಮೆ ಇತ್ತು. ಎರಡೂ ಕೆನ್ನೆ ಬಿಗಿದು ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಡಾಕ್ಟರು ದಾರಿಗಳನ್ನು ಒಂದೊಂದಾಗಿ ಮುಂದಿಟ್ಟರು: ನಾಲಿಗೆಯ ಅಡಿಯಿಂದ ಚರ್ಮ ತೆಗೆಯಬಹುದು, ಅಥವಾ ಬದುಕಿಡೀ ಆಗಾಗ ನಾನೇ ಟ್ಯೂಬ್ ತೂರಿಸಿಕೊಂಡು ದಾರಿ ತೆರೆದಿಟ್ಟುಕೊಳ್ಳಬಹುದು, ಅಥವಾ ತೊಡೆಗಳ ನಡುವೆ, ವೃಷಣದ ಹಿಂದೆ ಹೊಸ ದ್ವಾರ ಮಾಡಿಸಿಕೊಂಡು ಕೂತೇ ಮೂತ್ರ ಮಾಡಬಹುದು. ಕೊನೆಯದನ್ನು ಕೇಳಿದಾಗ ಗಂಟಲು ಕಟ್ಟಿತು. ಈಗ ಅನ್ನಿಸುತ್ತದೆ, ಅದು ಅಷ್ಟು ಹೆದರುವ ವಿಷಯವೇ ಅಲ್ಲ, ಎಷ್ಟೋ ಜನ ಅದರಿಂದ ಆರಾಮಾಗಿ ಬದುಕುತ್ತಿದ್ದಾರೆ. ಆದರೆ ಆ ದಿನ ಮನಸ್ಸು ಒಪ್ಪಲಿಲ್ಲ.

ಮನೆಗೆ ಬಂದು ಸ್ಟೆಮ್ ಸೆಲ್, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುತ್ತಲೇ ಇರಬಲ್ಲ ಮೂಲ ಕೋಶ, ಅಂತ ಹುಡುಕಲು ಕೂತೆ. ಒಂದು ಕ್ಲಿನಿಕ್ಕಿನವರು ಫೋನಿನಲ್ಲೇ ಭರವಸೆ ಕೊಟ್ಟರು. ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಕಿರಿದಾದ ಜಾಗಕ್ಕೆ ಚುಚ್ಚುತ್ತಾರಂತೆ, ಕೊಳವೆ ತಾನಾಗೇ ಹೊಸದಾಗುತ್ತದಂತೆ. ಎಷ್ಟು ಜನರಿಗೆ ಮಾಡಿದ್ದೀರಿ, ಎರಡು ವರ್ಷದ ನಂತರ ಅವರ ಯುರೋಫ್ಲೋ ಎಷ್ಟಿದೆ, ಕೆಟ್ಟರೆ ಮುಂದೇನು? ಮೂರೇ ಪ್ರಶ್ನೆ ಕೇಳಿದ್ದು. ಮೂರಕ್ಕೂ ಬಂದ ಉತ್ತರ, ಮೊದಲು ಮುಂಗಡ ಕಟ್ಟಿ, ಬಂದಾಗ ಮಾತಾಡೋಣ. ನಿರಾಸೆಯಲ್ಲಿ ಇರುವವರಿಗೆ ಹೀಗೆ ಮಾಡುವುದು ಕ್ರೌರ್ಯ. ನಾನೂ ಕಟ್ಟುವವನೇ ಇದ್ದೆ. ಹಿಂದಿನ ರಾತ್ರಿ ನಮ್ಮ ಡಾಕ್ಟರಿಗೆ ಒಂದು ಮೆಸೇಜ್ ಹಾಕಿದ್ದಕ್ಕೆ ಉಳಿದೆ. ಅವರು ಬರೆದಿದ್ದು ಇಷ್ಟೇ: "ಕೊಡಬೇಡಿ. ನಾಳೆ ಬನ್ನಿ, ಅರ್ಧ ಗಂಟೆ ಕೂತು ಮಾತಾಡೋಣ."

ಅರ್ಧ ಗಂಟೆ ಅಂದವರು ಎರಡು ಗಂಟೆ ಕೂತರು. ಅವತ್ತು ಕೇಳಿದ್ದನ್ನೂ ಆಮೇಲೆ ನಾನೇ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ.

ಮೂತ್ರಾಂಗಗಳನ್ನು ಲ್ಯಾಬಿನಲ್ಲಿ ಬೆಳೆಸುವ ಸುದ್ದಿ ಲೋಕಕ್ಕೆಲ್ಲ ಗೊತ್ತಾಗಿದ್ದು 2006ರಲ್ಲಿ. ಅಮೆರಿಕದ ಆಂಥನಿ ಅಟಾಲ ಅವರ ತಂಡ 7 ಮಕ್ಕಳ ಮತ್ತು ಹದಿಹರೆಯದವರ ಬಗ್ಗೆ ಬರೆಯಿತು. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇದ್ದು ಮೂತ್ರಕೋಶ ಬಿಗಿದುಹೋಗಿದ್ದವರು ಅವರು. ಅವರದೇ ಮೂತ್ರಕೋಶದ ಚೂರಿನಿಂದ ಒಳಪದರದ ಕೋಶಗಳನ್ನೂ ಸ್ನಾಯುಕೋಶಗಳನ್ನೂ ಬೇರೆ ಬೇರೆ ಬೆಳೆಸಿ, ಮೂತ್ರಕೋಶದ ಆಕಾರದ ಕರಗುವ ಅಚ್ಚಿನ ಮೇಲೆ ಬಿತ್ತಿ, ಸುಮಾರು ಏಳು ವಾರಕ್ಕೆ ವಾಪಸ್ ಜೋಡಿಸಿದ್ದರು. 2011ರಲ್ಲಿ ಮೆಕ್ಸಿಕೊದ 5 ಹುಡುಗರ ವರದಿ ಬಂತು. ಅವರಿಗೆ ಇದೇ ರೀತಿ ಬೆಳೆಸಿದ ಮೂತ್ರನಾಳವನ್ನೇ ಹಾಕಿ ವರ್ಷಗಟ್ಟಲೆ ನೋಡಿದ್ದರು, ಧಾರೆ ಚೆನ್ನಾಗೇ ಉಳಿದಿತ್ತು. ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು.

"ಇನ್ನೊಂದನ್ನೂ ಓದಿ" ಅಂತ ಡಾಕ್ಟರು 2014ರ ವರದಿ ಕೊಟ್ಟರು. ಕೋಶ ಬಿತ್ತಿದ ಅದೇ ಥರದ ಅಚ್ಚನ್ನು ಸ್ಪೈನಾ ಬೈಫಿಡಾ ಅನ್ನುವ, ಹುಟ್ಟಿನಿಂದ ಬರುವ ಬೆನ್ನುಹುರಿಯ ತೊಂದರೆ ಇದ್ದ 10 ಮಕ್ಕಳ ಮೂತ್ರಕೋಶಕ್ಕೆ ಜೋಡಿಸಿದ್ದರು. ಮೂತ್ರಕೋಶ ಹಿಗ್ಗುವುದರಲ್ಲೂ ಹಿಡಿಸುವ ಪ್ರಮಾಣದಲ್ಲೂ ಹೇಳಿಕೊಳ್ಳುವಂಥ ಸುಧಾರಣೆ ಆಗಲಿಲ್ಲ, ಕೆಲವರಿಗೆ ಕರುಳು ಕಟ್ಟಿಕೊಳ್ಳುವ, ಮೂತ್ರಕೋಶ ಒಡೆಯುವಂಥ ಗಂಭೀರ ತೊಂದರೆಗಳೂ ಆದವು. ಕಥೆಯ ಒಂದು ಬದಿ ಮಾತ್ರ ಕೇಳಿ ಒಪ್ಪಿಗೆ ಕೊಡಬೇಡಿ ಅನ್ನುವುದು ಅವರ ಉದ್ದೇಶ. ಆ ಒಂದು ಕೆಲಸಕ್ಕೆ ನಾನು ಅವರಿಗೆ ಋಣಿ.

ಯಾಕೆ ಹೀಗೆ ಒಂದು ಕಡೆ ಗೆಲುವು, ಇನ್ನೊಂದು ಕಡೆ ಸೋಲು ಅಂತ ಕೇಳಿದೆ. ಅವರು ನಾಟಿಯ ಉದಾಹರಣೆ ಕೊಟ್ಟರು. ಮಡಿಯಲ್ಲಿ ಸಸಿ ಎಷ್ಟೇ ಚೆನ್ನಾಗಿ ಬೆಳೆಸಿ, ನೆಟ್ಟ ಕಡೆ ನೀರಿಲ್ಲದಿದ್ದರೆ ಒಣಗುತ್ತದೆ. ದೇಹದಲ್ಲಿ ನೀರು ಅಂದರೆ ರಕ್ತ. ಜೀವಕೋಶ ಹತ್ತಿರದ ಸಣ್ಣ ರಕ್ತನಾಳದಿಂದ ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗಕ್ಕಿಂತ ದೂರ ಇದ್ದರೆ ಆಮ್ಲಜನಕ ಸಾಲದೆ ಸಾಯುತ್ತದೆ. ಕೆನ್ನೆಯಿಂದ ತೆಗೆದ ಚರ್ಮ ತನ್ನದೇ ರಕ್ತನಾಳಗಳ ಜಾಲವನ್ನು ಜೊತೆಗೆ ತರುತ್ತದೆ. ಅದರ ತುದಿಗಳು ಕೆಳಗಿನ ನಾಳಗಳ ತುದಿಗೆ ಕೂಡಿಕೊಳ್ಳುತ್ತವೆ. ಲ್ಯಾಬಿನಲ್ಲಿ ಬೆಳೆದ ಹಾಳೆಗೆ ನಾಳಗಳೇ ಇರುವುದಿಲ್ಲ. ಕೆಳಗಿನ ನೆಲದಿಂದ ಹೊಸದಾಗಿ ಚಿಗುರಿ ಬರಬೇಕು. ಅಲ್ಲಿ ಬರೀ ಗಂಟುಗಟ್ಟಿದ ಅಂಗಾಂಶ ಇದ್ದರೆ ಚಿಗುರುವುದು ಎಲ್ಲಿಂದ? ಸ್ಟೆಮ್ ಸೆಲ್ ಬಗ್ಗೆ ಅಷ್ಟು ರಾತ್ರಿ ಓದಿದ್ದರೂ ಈ ಒಂದು ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನನಗೆ ಹೇಳಿದ ಅಧ್ಯಯನದಲ್ಲಿ ಇಡೀ ಅಂಗ ಬೆಳೆಸುವುದಿರಲಿಲ್ಲ. ಬಾಯಿಯಿಂದ ಕಿರುಬೆರಳ ಉಗುರಿನಷ್ಟು ಚರ್ಮ ತೆಗೆದು, ಅದರ ಕೋಶಗಳನ್ನು ಕರಗುವ ಹಾಳೆಯ ಮೇಲೆ ಬೆಳೆಸಿ, ಮೂರು ವಾರಕ್ಕೆ ತೇಪೆಯಾಗಿ ಹಾಕುವುದು. ಇದರ ಹಿಂದಿನ ಅನುಭವವೂ ಬೆರಕೆಯೇ. 2008ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ತಂಡ 5 ಜನರ ವರದಿ ಕೊಟ್ಟಿತ್ತು, ಅದರಲ್ಲಿ 2 ಜನರಿಗೆ ಕಸಿ ಗಟ್ಟಿಯಾಗಿ ಕುಗ್ಗಿ ಪೂರ್ತಿಯಾಗಿಯೋ ಸ್ವಲ್ಪವೋ ತೆಗೆಯಬೇಕಾಗಿತ್ತು. ಜರ್ಮನಿಯಲ್ಲಿ ಇಂಥದ್ದೇ ಹಾಳೆಯನ್ನು 99 ಜನರಿಗೆ ಹಾಕಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ 12 ತಿಂಗಳಿಗೆ ಸುಮಾರು 67%, 24 ತಿಂಗಳಿಗೆ ಸುಮಾರು 58% ಯಶಸ್ಸು. ಕೆನ್ನೆಯ ಚರ್ಮಕ್ಕಿಂತ ಇದು ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಯಿಗೆ ನೋವು ಕಡಿಮೆ, ಅದು ನಿಜ. ನನ್ನಂಥವರಿಗೆ, ಬಾಯಿಯಲ್ಲಿ ತೆಗೆಯಲು ಹೆಚ್ಚು ಉಳಿದಿಲ್ಲದವರಿಗೆ, ಅದೇ ದೊಡ್ಡದು.

ಒಪ್ಪಿಗೆ ಪತ್ರ 20 ಪುಟದ ಮೇಲಿತ್ತು. ಒಂದು ಸಾಲು ನನ್ನನ್ನು ತುಂಬಾ ಕಾಡಿತು: ಆಪರೇಷನ್ ಮಧ್ಯೆ ನೆಲ ಸರಿಯಿಲ್ಲ ಅನ್ನಿಸಿದರೆ ಬೆಳೆಸಿದ ಹಾಳೆಯನ್ನು ಹಾಕದೆಯೇ ಬಿಡಬಹುದು. ಅಂದರೆ ಎಲ್ಲ ಮಾಡಿಯೂ ಎದ್ದಾಗ ಏನೂ ಆಗಿಲ್ಲದೇ ಇರಬಹುದು. ಎರಡು ದಿನ ಹೆಂಡತಿ ಜೊತೆ ಕೂತು ಓದಿ ಸಹಿ ಹಾಕಿದೆ.

ಬಾಯಿಯ ಚೂರು ತೆಗೆದಿದ್ದು ಹತ್ತು ನಿಮಿಷದ ಕೆಲಸ. ಮರಗಟ್ಟಿಸುವ ಇಂಜೆಕ್ಷನ್, ಎರಡು ಹೊಲಿಗೆ, ಸಂಜೆಗೆ ಮನೆಗೆ. ಸೋಂಕು ಇದೆಯಾ ಅಂತ ನೋಡಲು ರಕ್ತವನ್ನೂ ತೆಗೆದುಕೊಂಡರು. ಒಂಬತ್ತನೇ ದಿನ ಫೋನ್ ಬಂತು. ಬೆಳೆಯುತ್ತಿದ್ದ ಕೋಶಗಳಿಗೆ ಶಿಲೀಂಧ್ರ ಹತ್ತಿದೆ, ಎಲ್ಲವನ್ನೂ ಬಿಸಾಡಬೇಕಾಯಿತು. ನನಗೆ ಮಾತೇ ಹೊರಡಲಿಲ್ಲ. ಬಾಯಿ ಅಂದರೆ ಸೂಕ್ಷ್ಮಜೀವಿಗಳ ಮನೆ. ಎಷ್ಟು ತೊಳೆದರೂ ಒಂದು ಉಳಿದುಕೊಂಡರೆ, ಕೋಶಗಳಿಗೆ ಇಟ್ಟ ಊಟವನ್ನೆಲ್ಲ ಅದೇ ತಿಂದು ಬೆಳೆಯುತ್ತದೆ. ಮತ್ತೆ ಚೂರು ತೆಗೆಯಬೇಕು, ಮತ್ತೆ ಮೂರು ವಾರ. ಎರಡನೇ ಸಲ ಒಂದು ವಾರ ಮೊದಲಿಂದಲೇ ಶಿಲೀಂಧ್ರ ಕೊಲ್ಲುವ ದ್ರವದಲ್ಲಿ ಬಾಯಿ ಮುಕ್ಕಳಿಸಿದೆ, ಹಲ್ಲು ಕ್ಲೀನ್ ಮಾಡಿಸಿದೆ. ಯಾರಾದರೂ ಇದಕ್ಕೆ ಹೋಗುವವರಿದ್ದರೆ ಮೊದಲೇ ಹಲ್ಲಿನ ಡಾಕ್ಟರನ್ನು ನೋಡಿ.

ಎರಡನೇ ಬಾರಿಯ ಕಾಯುವಿಕೆ ಬೇರೆಯೇ ಥರ ಇತ್ತು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಡಂ ನನ್ನ ಆತಂಕ ನೋಡಿ ಒಂದು ದಿನ ಕರೆಸಿ ಮೈಕ್ರೋಸ್ಕೋಪಿನ ಫೋಟೋ ತೋರಿಸಿದರು. ಒಳಗೆ ಬಿಡುವ ಹಾಗಿಲ್ಲ. ಕಿಣ್ವ ಹಾಕಿ ಮೇಲ್ಪದರವನ್ನು ಅಡಿಪದರದಿಂದ ಬಿಡಿಸುತ್ತಾರೆ, ಕೋಶಗಳನ್ನು ಒಂದೊಂದಾಗಿ ಬೇರೆ ಮಾಡುತ್ತಾರೆ, 37 ಡಿಗ್ರಿ ಬಿಸಿಯಲ್ಲಿ ಇಡುತ್ತಾರೆ, ಎರಡು ಮೂರು ದಿನಕ್ಕೊಮ್ಮೆ ಪೋಷಕ ದ್ರವ ಬದಲಾಯಿಸುತ್ತಾರೆ. ಫೋಟೋದಲ್ಲಿ ಅವು ಹಾಸುಗಲ್ಲುಗಳ ಹಾಗೆ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನನ್ನವೇ. ನನ್ನಿಂದ ದೂರ ಒಂದು ಡಬ್ಬಿಯೊಳಗೆ ಬದುಕಿ ಎರಡರಿಂದ ನಾಲ್ಕಾಗುತ್ತಿದ್ದವು. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಕಿಟಕಿಯಿಂದ ನೋಡಿದಂತೆ ಆಯಿತು.

"ಇದರಲ್ಲಿ ಸ್ಟೆಮ್ ಸೆಲ್ ಎಲ್ಲಿದೆ ಮೇಡಂ?" ಅಂತ ಕೇಳಿದೆ.

"ಎಲ್ಲ ಕಡೆ ಇಲ್ಲ. ಚರ್ಮದ ತೀರಾ ಕೆಳಗಿನ ಸಾಲಿನಲ್ಲಿ ಸ್ವಲ್ಪ ಇರುತ್ತವೆ. ಅವು ಸಾಕಷ್ಟು ಇದ್ದರೆ ಮಾತ್ರ ಹಾಳೆ ವರ್ಷಗಟ್ಟಲೆ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತೆ. ಇಲ್ಲಾಂದ್ರೆ ಇವತ್ತು ಚೆನ್ನಾಗಿ ಕಂಡು ಆಮೇಲೆ ಸವೆದು ಹೋಗುತ್ತೆ" ಅಂದರು. ಕಣ್ಣಿನ ಉದಾಹರಣೆಯನ್ನೂ ಕೊಟ್ಟರು. ಇಟಲಿಯಲ್ಲಿ ಸುಟ್ಟ ಕಣ್ಣುಗಳಿಗೆ ಇದೇ ರೀತಿ ಬೆಳೆಸಿದ ಹಾಳೆ ಹಾಕಿದ 112 ಜನರ ವರದಿ 2010ರಲ್ಲಿ ಬಂದಿತ್ತು. ಬೆಳೆಯಬಲ್ಲ ಕೋಶಗಳಲ್ಲಿ ಸ್ಟೆಮ್ ಸೆಲ್ ಗುರುತು ಇದ್ದವು 3%ಗಿಂತ ಜಾಸ್ತಿ ಇದ್ದಾಗ 78% ಜನರಿಗೆ ಹಿಡಿದಿತ್ತು, ಅದಕ್ಕಿಂತ ಕಡಿಮೆ ಇದ್ದಾಗ 11% ಜನರಿಗೆ ಮಾತ್ರ. ಮೂತ್ರದಲ್ಲೇ ಹೊರಗೆ ಬರುವ ಸ್ಟೆಮ್ ಸೆಲ್‌ಗಳನ್ನು ಹಿಡಿದು ಬೆಳೆಸುವ ಪ್ರಯತ್ನವೂ 2008ರಿಂದ ನಡೆದಿದೆ ಅಂದರು. ಕತ್ತರಿಯೇ ಬೇಡ, ಒಂದು ಬಾಟಲಿ ಸಾಕು ಅನ್ನುವ ದಿನ ಬಂದರೆ ಮಕ್ಕಳಿಗೆ ಎಷ್ಟು ಅನುಕೂಲ ಅಂತ ಅನ್ನಿಸಿತು.

ಆಪರೇಷನ್ ದಿನದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆಮೇಲೆ ಕೇಳಿದ್ದು. ಹಳೆಯ ಜಾಗವನ್ನು ಉದ್ದಕ್ಕೆ ಸೀಳಿ ನೋಡಿದಾಗ 5 ಸೆಂಟಿಮೀಟರಿನಲ್ಲಿ ಹೆಚ್ಚಿನ ಭಾಗ ರಕ್ತ ಚೆನ್ನಾಗಿ ಜಿನುಗುತ್ತಿತ್ತು, ಹಿಂದಿನ ತುದಿಯಲ್ಲಿ ಮಾತ್ರ ಬಿಳಿಚಿಕೊಂಡಿತ್ತು. ಹಾಕೋಣ ಅಂತ ನಿರ್ಧರಿಸಿದರು. ಹಾಳೆ ತೀರಾ ನಾಜೂಕು, ಇಕ್ಕಳದಲ್ಲಿ ಬಿಗಿಯಾಗಿ ಹಿಡಿದರೆ ಹರಿಯುತ್ತದಂತೆ. ಕೂದಲಿಗಿಂತ ತೆಳು ದಾರದಲ್ಲಿ ಹೊಲಿದರು.

ಎಚ್ಚರವಾದಾಗ ನಾನು ಕೇಳಿದ ಮೊದಲ ಮಾತು, "ಹಾಕಿದ್ರಾ?" ಹೆಂಡತಿ ತಲೆ ಆಡಿಸಿದಳು.

ಮೊದಲ ನಾಲ್ಕು ದಿನವೇ ಮುಖ್ಯ ಅಂದಿದ್ದರು. ಸುಮಾರು 48 ಗಂಟೆ ಯಾವ ಕಸಿಯಾದರೂ ಕೆಳಗಿನಿಂದ ಒಸರುವ ದ್ರವವನ್ನು ಹೀರಿಕೊಂಡೇ ಬದುಕುತ್ತದೆ, ಆಮೇಲೆ ರಕ್ತದ ಸಂಪರ್ಕ ಆಗಬೇಕು. ಅಲುಗಾಡಿದರೆ, ಕೆಳಗೆ ರಕ್ತ ಗಡ್ಡೆ ಕಟ್ಟಿದರೆ, ಮೂತ್ರ ತಗುಲಿದರೆ ಕೆಡುತ್ತದೆ. ಅದಕ್ಕೇ ಕಿಬ್ಬೊಟ್ಟೆಯಿಂದ ನೇರವಾಗಿ ಮೂತ್ರಕೋಶಕ್ಕೆ ಒಂದು ಟ್ಯೂಬು, ಮೂತ್ರನಾಳದಲ್ಲಿ ಇನ್ನೊಂದು ಕ್ಯಾತಿಟರ್. ಐದು ದಿನ ಮಲಗಿದ್ದಲ್ಲೇ. ಕೆಮ್ಮು ಬಂದರೂ ಹೆದರಿಕೆ. ಆಮೇಲಿನ ದಿನಗಳಲ್ಲಿ ಮೂತ್ರಕೋಶ ಆಗಾಗ ಹಿಂಡಿದಂತೆ ನೋಯುತ್ತಿತ್ತು, ರಾತ್ರಿ ಅದು ಜಾಸ್ತಿ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಅದಕ್ಕೆ ಮಾತ್ರೆ ಇದೆ, ಸಹಿಸಿಕೊಂಡು ಕೂರಬೇಡಿ, ಕೇಳಿ.

ಮೂರು ವಾರದ ನಂತರ ಬಣ್ಣದ ದ್ರವ ಹಾಕಿ ನೋಡಿದರು. ಎಲ್ಲೂ ಸೋರಿಕೆ ಇಲ್ಲ. ಕ್ಯಾತಿಟರ್ ತೆಗೆದರು. ನೀರು ಕುಡಿದು ಕಾದೆ. ಮೊದಲ ಸಲ ಉರಿ ಉರಿ. ಎರಡನೇ ಸಲ ತಿಣುಕದೇ ಬಂತು, ಸದ್ದು ಮಾಡುತ್ತಾ ಬಂತು. ಬಾಗಿಲ ಆಚೆ ನಿಂತಿದ್ದ ಹೆಂಡತಿಗೂ ಕೇಳಿಸಿತಂತೆ. ಹೊರಗೆ ಬಂದಾಗ ಅವಳು ಅಳುತ್ತಿದ್ದಳು, ನಾನೂ ಅತ್ತೆ.

ಮೂರನೇ ತಿಂಗಳಲ್ಲಿ ಯುರೋಫ್ಲೋ 22. ಗೆರೆ ಗುಡ್ಡದ ಹಾಗೇ ಇತ್ತು. ವರ್ಷಕ್ಕೆ 18. ಹದಿನೆಂಟನೇ ತಿಂಗಳಲ್ಲಿ 13 ಬಂದಾಗ ಎದೆ ಧಸಕ್ ಅಂತು. ಕ್ಯಾಮೆರಾ ಹಾಕಿ ನೋಡಿದರೆ ಹಾಳೆ ಹಾಕಿದ ಜಾಗ ನಸುಗೆಂಪಾಗಿ, ನುಣುಪಾಗಿ, ಸುತ್ತಲಿನ ಪದರಕ್ಕೆ ಬೆರೆತು ಕೂತಿತ್ತು. ಎಲ್ಲಿಂದ ಶುರು ಅಂತ ಗೊತ್ತಾಗದಷ್ಟು. ಕಿರಿದಾಗಿದ್ದು ಹಿಂದಿನ ತುದಿಯಲ್ಲಿ ಒಂದು ಉಂಗುರದಷ್ಟು ಜಾಗ, ಆಪರೇಷನ್ ದಿನ ಬಿಳಿಚಿಕೊಂಡು ಕಂಡಿದ್ದ ಅದೇ ಜಾಗ. ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು, ಹೆಚ್ಚು ಮಾತಾಡಲಿಲ್ಲ. ನನಗೆ ಅರ್ಥವಾಯಿತು. ಅವತ್ತೇ ಅದನ್ನು ಸ್ವಲ್ಪ ಹಿಗ್ಗಿಸಿದರು. ಈಗ 17ರಲ್ಲಿ ನಿಂತಿದೆ.

ಅಧ್ಯಯನದ ಲೆಕ್ಕದಲ್ಲಿ ನಾನು ಗೆದ್ದವರ ಪಟ್ಟಿಗೆ ಸೇರುವುದಿಲ್ಲ. ಮತ್ತೆ ಹಿಗ್ಗಿಸಬೇಕಾಯಿತು ಅಂದರೆ ಅದು ವಿಫಲ ಅಂತಲೇ ಬರೆಯುತ್ತಾರೆ, ಹಾಗೆಯೇ ಬರೆಯಬೇಕು. ಮುಂದೆ ಬರುವವರಿಗೆ ನಿಜವಾದ ಅಂಕಿ ಸಿಗಬೇಕಲ್ಲ. ನನ್ನ ಪಾಡಿಗೆ ನಾನು ರಾತ್ರಿ ಒಂದೇ ಸಲ ಏಳುತ್ತೇನೆ, ಬಸ್ ಪ್ರಯಾಣಕ್ಕೆ ಹೆದರುವುದಿಲ್ಲ, ಜೇಬಿನಲ್ಲಿ ಟ್ಯೂಬ್ ಇಟ್ಟುಕೊಂಡು ಓಡಾಡುವುದಿಲ್ಲ.

ಮುಂದಿನ ತಿಂಗಳು 24 ತಿಂಗಳ ತಪಾಸಣೆ. ಬೆಳೆಸಿದ ಕೋಶಗಳಲ್ಲಿ ಉಳಿದ ಸ್ವಲ್ಪವನ್ನು ಮೇಡಂ ನನ್ನ ಒಪ್ಪಿಗೆ ಪಡೆದು ದ್ರವ ಸಾರಜನಕದಲ್ಲಿ ಎತ್ತಿಟ್ಟಿದ್ದಾರೆ. ಆ ಉಂಗುರ ಮತ್ತೆ ಬಿಗಿದರೆ ಅವನ್ನು ಇನ್ನೊಮ್ಮೆ ಬೆಳೆಸಬಹುದಾ ಅಂತ ಕೇಳಬೇಕು. ಆ ಬಿಳಿಚಿದ ಜಾಗಕ್ಕೆ ಮೊದಲು ರಕ್ತ ಹರಿಸುವ ದಾರಿ ಏನಾದರೂ ಇದೆಯಾ ಅಂತಲೂ. ಎರಡೂ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಫೈಲಿಗೆ ಸಿಕ್ಕಿಸಿದ್ದೇನೆ.